ಎಷ್ಟು, ಕಿತ್ನಾ, ಎಂತ, ಕಮಾ: ನಮ್ಮ ಸೀಮೆ ಪರಭಾಷೆ ಮಾತಾಡಿದ ಕಥೆ

1/8

ಫೋಟೊದಲ್ಲಿರೋದು ಕೊಪ್ಪಳದ ಪಾಲ್ಕಿಗುಂಡು. ಬಂಡೆಗಳ ಮೇಲೆ ಯಾರೋ ಕೊಡೆ ಹಿಡಿದಂಗ ಒಂದು ದೊಡ್ಡ ಹಾಸುಬಂಡೆ. ಅದರ ನೆರಳಲ್ಲಿ ಅಶೋಕನ ಶಾಸನ ಇದೆ. ಇನ್ನೊಂದು ಗವಿಮಠದ ಬೆಟ್ಟದ ಮೇಲಿದೆ. ಜಾತ್ರೆಗೆ ಹೋದವರಲ್ಲಿ ಅದನ್ನ ನೋಡಿ ಬಂದವರು ಎಷ್ಟು ಮಂದಿ ಅಂತ ಕೇಳಬಾರದು. ನಾನೂ ಮೂರನೇ ಜಾತ್ರೆಗೇ ನೋಡಿದ್ದು.

ಆದರೆ ಈ ಸರಣಿ ಶಾಸನದ ಮೇಲಲ್ಲ. ಹೋದ ವಾರ ಯಲಬುರ್ಗಾ ಕಡೆಯ ಒಬ್ಬ ಡಿಗ್ರಿ ಓದೋ ಹುಡುಗಿ ಮೆಸೇಜ್ ಮಾಡಿದ್ದಳು: "ಅಣ್ಣಾ, ಇಂಗ್ಲಿಷ್ ಓದಿದ್ರ ಎಲ್ಲಾ ತಿಳಿತೈತಿ. ಎದುರಿಗೆ ಯಾರರ ಮಾತಾಡಿಸಿದ್ರ ಬಾಯಿ ಒಣಗತೈತಿ, ಫೋನ್ ಬಂದ್ರಂತೂ ಕೈ ನಡಗ್ತಾವ. ನಮ್ಮ ಕಡೆಯವರ ನಾಲಿಗಿಗೆ ಬ್ಯಾರೆ ಭಾಷಾ ಹತ್ತಂಗೇ ಇಲ್ಲೇನ್ರಿ?"

ಕೊನೆಯ ಪ್ರಶ್ನೆ ಚುಚ್ಚಿತು. ತನ್ನ ಭಯವನ್ನ ಆಕೆ ಇಡೀ ಸೀಮೆಯ ಹಣೆಬರಹ ಅಂದ್ಕೊಂಡಿದ್ದಾಳೆ. ಆದರೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಈ ನಾಲ್ಕೂ ಕಡೆ ಜನ ಎರಡು ಸಾವಿರ ವರ್ಷದಿಂದ ಪರಭಾಷೆ ಕೇಳ್ತಾ, ತಪ್ಪು ತಪ್ಪಾಗಿ ಆಡ್ತಾ, ವ್ಯವಹಾರ ಮುಗಿಸಿಕೊಂಡು ಮನೆಗೆ ಬಂದವರು. ಹಂಗಾದ್ರೆ ಈ ನಡುಕ ಎಲ್ಲಿಂದ ಬಂತು? ನನಗನಿಸೋ ಪ್ರಕಾರ ಅದಕ್ಕೂ ಒಂದು ಇತಿಹಾಸ ಇದೆ. ಅದನ್ನೇ ಎಂಟು ಕಂತಿನಲ್ಲಿ ಹೇಳ್ತೀನಿ.

2/8

ಪಾಲ್ಕಿಗುಂಡು, ಗವಿಮಠದ ಶಾಸನಗಳು ಕ್ರಿಸ್ತಪೂರ್ವ 3ನೇ ಶತಮಾನದವು. ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ. ಅದು ಮೌರ್ಯರ ಆಡಳಿತದ ಜೊತೆ ಉತ್ತರದಿಂದ ಬಂದ ಭಾಷೆ, ಇಲ್ಲಿನ ಹೊಲಗದ್ದೆಯಲ್ಲಿ ಜನ ಆಡ್ತಿದ್ದ ಮಾತಲ್ಲ. ಒಳಗಿರೋ ವಿಷಯ ಮಾತ್ರ ಜನಸಾಮಾನ್ಯರಿಗೇ ಹೇಳಿದ್ದು: ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಪ್ರಯತ್ನಪಟ್ಟರೆ ಫಲ ಸಿಗುತ್ತದೆ, ಗಡಿಯಾಚೆಯವರೂ ಇದನ್ನ ತಿಳೀಲಿ.

ಅಕ್ಷರ ಬಾರದವರಿಗೆ ಬಂಡೆ ಮೇಲಿನ ಗೀರಿನಿಂದ ಏನು ಉಪಯೋಗ? ಅಶೋಕನಿಗೂ ಈ ಪ್ರಶ್ನೆ ಬಂದಿರಬೇಕು. ಒಡಿಶಾದ ಧೌಲಿಯಲ್ಲಿರೋ ಅವನ ಶಾಸನದಲ್ಲಿ, ಇದನ್ನ ತಿಷ್ಯ ನಕ್ಷತ್ರದ ದಿನ ಕೇಳಿಸಬೇಕು, ಕೇಳೋಕೆ ಒಬ್ಬನೇ ಇದ್ದರೂ ಕೇಳಿಸಬೇಕು ಅಂತ ಅಪ್ಪಣೆ ಇದೆ. ಹಂಗಾದ್ರೆ ಕೊಪ್ಪಳದ ಬೆಟ್ಟದ ಮೇಲೂ ಯಾರೋ ಒಬ್ಬರು ನಿಂತು ಪ್ರಾಕೃತದಲ್ಲಿ ಓದಿ, ಆಮೇಲೆ "ಅಂದ್ರ ಏನಪಾ ಅಂದ್ರ" ಅಂತ ಇಲ್ಲಿನ ಮಾತಲ್ಲಿ ಬಿಡಿಸಿ ಹೇಳಿರಬೇಕು. ಇದು ನನ್ನ ಊಹೆ, ಶಾಸನದಲ್ಲಿ ಬರೆದಿಲ್ಲ. ಹೆಸರಿಲ್ಲದ ಆ ಮನುಷ್ಯನನ್ನ ನಾನು ಕೊಪ್ಪಳದ ಮೊದಲ ದುಭಾಷಿ ಅಂತ ಕರೀತೀನಿ.

ಅಂದಹಾಗೆ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ ಶಾಸನ ಬರೆದ ಲಿಪಿಕಾರ ಚಪಡ ತನ್ನ ಉದ್ಯೋಗದ ಹೆಸರನ್ನ ಖರೋಷ್ಠಿ ಲಿಪಿಯಲ್ಲಿ ಬರೆದು ಬಿಟ್ಟಿದ್ದಾನೆ. ಖರೋಷ್ಠಿ ಗಾಂಧಾರದ ಕಡೆಯ ಲಿಪಿ, ಬಲದಿಂದ ಎಡಕ್ಕೆ ಬರೆಯೋದು. ಅಷ್ಟು ದೂರದ ಅಕ್ಷರ ಕಲಿತವನೊಬ್ಬ ಇಲ್ಲಿಗೆ ಬಂದು ಕೆಲಸ ಮಾಡಿ ಹೋಗಿದ್ದಾನೆ ನೋಡ್ರಿ.

ಮುಂದೆ 9ನೇ ಶತಮಾನದ ಕವಿರಾಜಮಾರ್ಗ, ಕನ್ನಡದ ತಿರುಳು ಇರೋ ನಾಡು ಯಾವುದು ಅಂತ ಗುರುತು ಹಾಕುವಾಗ ಕಿಸುವೊಳಲು, ಪುಲಿಗೆರೆ, ಒಂಕುಂದದ ಜೊತೆ ಕೊಪಣ ಅಂದ್ರೆ ನಮ್ಮ ಕೊಪ್ಪಳವನ್ನ ಹೆಸರಿಸುತ್ತದೆ. ಸಾವಿರ ವರ್ಷ ಪ್ರಾಕೃತ, ಸಂಸ್ಕೃತ ಕೇಳಿದ ಮೇಲೂ ತಿರುಳ್ಗನ್ನಡದ ಊರು ಅನ್ನಿಸಿಕೊಂಡಿತ್ತು. ಬೇರೆ ಭಾಷೆ ಆಡಿದ್ರೆ ನಮ್ಮ ಭಾಷೆ ಕೆಡುತ್ತದೆ ಅನ್ನೋರಿಗೆ ಇದನ್ನ ತೋರಿಸಬೇಕು.

3/8

ಈ ಫೋಟೊ ಆನೆಗೊಂದಿ ಹತ್ತಿರದ ತುಂಗಭದ್ರೆ. ದಡದಲ್ಲಿ ಬೋರಲು ಹಾಕಿರೋದು ಹರಿಗೋಲು.

1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ವ್ಯಾಪಾರಿ ಡೊಮಿಂಗೊ ಪಾಯಸ್ ಈ ಹರಿಗೋಲನ್ನ ವರ್ಣಿಸಿದ್ದಾನೆ: ಬುಟ್ಟಿಯಂತೆ ದುಂಡಗಿದೆ, ಒಳಗೆ ಬೆತ್ತ, ಹೊರಗೆ ಚರ್ಮ, ಹದಿನೈದು ಇಪ್ಪತ್ತು ಮಂದಿ ಕೂರಬಹುದು. ದಾಟಿ ಹೋದ ಊರಿನ ಹೆಸರನ್ನ "ಸೆನಗುಂಡಿಂ" ಅಂತ ಬರೆದಿದ್ದಾನೆ. ಅದು ನಮ್ಮ ಆನೆಗೊಂದಿ! ಹತ್ತು ಹದಿನೈದು ವರ್ಷದ ಮೇಲೆ ಬಂದ ಇನ್ನೊಬ್ಬ ಪೋರ್ಚುಗೀಸ, ಕುದುರೆ ವ್ಯಾಪಾರಿ ನೂನಿಜ್, ಅದೇ ಊರನ್ನ "ನಗುಂಡಿಂ" ಮಾಡಿದ. ಇಬ್ಬರ ಬಾಯಲ್ಲೂ ವಿಜಯನಗರ "ಬಿಸ್ನಗ", ಕೃಷ್ಣದೇವರಾಯ "ಕ್ರಿಸ್ನರಾವ್".

ಇವತ್ತಿನ ಲೆಕ್ಕದಲ್ಲಿ ಇಬ್ಬರೂ ಸ್ಪೆಲ್ಲಿಂಗ್‌ನಲ್ಲಿ ಫೇಲ್. ಆದರೆ ಕಿವಿಗೆ ಬಿದ್ದಂಗ ಬರೆದುಕೊಂಡ ಆ ಬರಹ ಉಳಿಯಿತು. 1897ರಲ್ಲಿ ಡೇವಿಡ್ ಲೋಪೆಸ್ ಅದನ್ನ ಪೋರ್ಚುಗೀಸಿನಲ್ಲಿ ಅಚ್ಚು ಮಾಡಿಸಿದ, 1900ರಲ್ಲಿ ರಾಬರ್ಟ್ ಸಿವೆಲ್ ಇಂಗ್ಲಿಷಿಗೆ ತಂದ. ಇವತ್ತು ಹಂಪಿ ಬಗ್ಗೆ ಬರೆಯೋ ಯಾರೂ ಈ ಇಬ್ಬರನ್ನ ಬಿಟ್ಟು ಬರೆಯೋಕಾಗಲ್ಲ. ಆನೆಗೊಂದಿ ಅನ್ನೋಕೆ ಬರಲಿಲ್ಲ ಅಂತ ಪಾಯಸ್ ಸುಮ್ಮನೆ ಕೂತಿದ್ದರೆ ಹರಿಗೋಲಿನ ಆ ಸಾಲೂ ಇರ್ತಿರಲಿಲ್ಲ.

ವ್ಯಾಪಾರಕ್ಕಾಗಿ ಎಲ್ಲ ದೇಶದ ಜನ ಈ ನಗರದಲ್ಲಿದ್ದಾರೆ ಅಂತಾನೆ ಪಾಯಸ್. ರಾಯರು ವರ್ಷಕ್ಕೆ 13,000 ಹೊರ್ಮುಜಿನ ಕುದುರೆ ಕೊಳ್ತಾರೆ ಅಂತ ನೂನಿಜ್ ಬರೆದಿದ್ದಾನೆ. ಸಂಖ್ಯೆ ಹೆಚ್ಚು ಕಡಿಮೆ ಇರಬಹುದು, ವ್ಯಾಪಾರಿಗಳ ಲೆಕ್ಕ. ಆದರೆ ಅಷ್ಟು ಕುದುರೆ ಅಂದ್ರೆ ಜೊತೆಗೆ ಎಷ್ಟು ಅರಬ್ಬಿ, ಪಾರಸಿ, ಪೋರ್ಚುಗೀಸ್ ಮಾತು ಬಂದಿರಬೇಕು ಲೆಕ್ಕ ಹಾಕ್ರಿ. ಹುಲ್ಲು ಮಾರೋಳಿಗೂ, ಹರಿಗೋಲು ಹಾಕೋನಿಗೂ ಎರಡು ಮೂರು ಭಾಷೆಯಲ್ಲಿ "ಎಷ್ಟು" ಅನ್ನೋದಾದರೂ ಬಂದಿರಲೇಬೇಕು. ಅವರಿಗೆ ಯಾರು ಪರೀಕ್ಷೆ ಇಟ್ಟಿದ್ದರು?

"ಪಗಾರ ಆತೇನು?", "ಚಾವಿ ಎಲ್ಲೈತಿ?", "ಬಟಾಟಿ ಹೆಂಗ ಕೆಜಿ?" ಪಗಾರ, ಚಾವಿ, ಬಟಾಟೆ, ಮೇಜು ಎಲ್ಲಾ ಪೋರ್ಚುಗೀಸ್ ಮೂಲದ ಪದಗಳು. ಗೋವಾ, ಕೊಂಕಣಿ, ಮರಾಠಿ ದಾಟಿ ನಮ್ಮ ಅಡುಗೆಮನೆಗೆ ಬಂದವು. ನೀವು ದಿನಾ ಪೋರ್ಚುಗೀಸ್ ಮಾತಾಡ್ತೀರಿ, ಭಯ ಇಲ್ಲದೆ.

4/8

ಈಗ ಭಯದ ಕಥೆ.

1948ರ ಸೆಪ್ಟೆಂಬರ್ 17ರ ತನಕ ನಮ್ಮ ನಾಲ್ಕೂ ತಾಲ್ಲೂಕು ಹೈದರಾಬಾದ್ ನಿಜಾಮರ ಸೀಮೆ. ಕೊಪ್ಪಳ, ಯಲಬುರ್ಗಾ ಸಾಲಾರ್ ಜಂಗ್ ಮನೆತನದ ಜಾಗೀರು. 1880ರ ದಶಕದಲ್ಲಿ ಆ ಸಂಸ್ಥಾನದ ಆಡಳಿತ ಭಾಷೆ ಪಾರಸಿಯಿಂದ ಉರ್ದುವಿಗೆ ಬದಲಾಯಿತು. ಕಚೇರಿ ಉರ್ದು, ಕೋರ್ಟು ಉರ್ದು, ಪೊಲೀಸ್ ಠಾಣೆ ಉರ್ದು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಾ ಭಾಷೆಯೂ ಉರ್ದು. ಇಂಗ್ಲಿಷ್ ಬಿಟ್ಟು ಭಾರತೀಯ ಭಾಷೆಯಲ್ಲಿ ಮೇಲಿನ ಓದು ಕೊಟ್ಟ ಆ ಪ್ರಯೋಗ ದೊಡ್ಡದು, ಅದನ್ನ ಒಪ್ಪಬೇಕು. ಆದರೆ ಸಂಸ್ಥಾನದ ಬಹುಪಾಲು ಪ್ರಜೆಗಳ ಮನೆಮಾತು ತೆಲುಗು, ಮರಾಠಿ, ಕನ್ನಡ ಆಗಿತ್ತು.

ಉರ್ದು ನಮ್ಮ ಓಣಿಗೆ ಹೊಸದಲ್ಲ. ಸಂತೆಯಲ್ಲಿ, ಮೊಹರಂ ಹಬ್ಬದಲ್ಲಿ, ಪಕ್ಕದ ಮನೆಯಲ್ಲಿ ಕೇಳಿದ ಮಾತೇ. ಓಣಿಯ ಉರ್ದುವಿಗೆ ಯಾರೂ ಹೆದರಲಿಲ್ಲ. ಹೆದರಿದ್ದು ಕುರ್ಚಿ ಮೇಲೆ ಕೂತ ಉರ್ದುವಿಗೆ. ಅಲ್ಲಿ ಒಂದು ಪದ ತಪ್ಪಿದರೆ ಹೊಲ ಇನ್ನೊಬ್ಬರ ಖಾತೆಗೆ ಹೋಗಬಹುದು. ಅರ್ಜಿಯಲ್ಲಿ ಏನು ಬರೆದಿದೆ ಅಂತ ತಿಳಿಯದೆ ಹೆಬ್ಬೆಟ್ಟು ಒತ್ತಬೇಕು. ಅದಕ್ಕೇ ರೈತ ಕಲಿತ ಮೊದಲ ಮಾತು "ಜೀ ಹುಜೂರ್". ಸಂತೆಯ ಉರ್ದು "ಕಿತ್ನಾ" ಅಂತ ಶುರುವಾದರೆ, ಕಚೇರಿಯ ಉರ್ದು ತಲೆ ಬಗ್ಗಿಸೋದರಿಂದ ಶುರುವಾಯಿತು. ಭಾಷೆ ಒಂದೇ!

ಇನ್ನೊಂದಿದೆ. "ಗಸ್ತಿ 53" ಅನ್ನೋ ಸುತ್ತೋಲೆ ಪ್ರಕಾರ ಸಭೆ ಸೇರಬೇಕಾದರೆ ಮೊದಲೇ ಅನುಮತಿ ಬೇಕು. ಅಂದ್ರೆ ಬರೀ ಪರಭಾಷೆ ಅಲ್ಲ, ನಾಲ್ಕು ಜನರ ಮುಂದೆ ಎದ್ದು ನಿಂತು ಸ್ವಂತ ಭಾಷೆಯಲ್ಲಿ ಮಾತಾಡೋದಕ್ಕೂ ಚೀಟಿ ಬೇಕಿತ್ತು. ನಮ್ಮ ಅಜ್ಜಂದಿರ ತಲೆಮಾರಿಗೆ ಬಾಯಿ ಬಿಡೋದೇ ಅಪಾಯ ಅಂತ ಅನಿಸಿದ್ದರೆ ಅದು ಅವರ ನಾಲಿಗೆಯ ದೋಷ ಅಲ್ಲ.

ಆ ಕುರ್ಚಿ ಹೋದರೂ ಪದ ಉಳಿದವು. ತಹಶೀಲ್ದಾರ, ವಕೀಲ, ಜಾಮೀನು, ಮಂಜೂರು, ಜಪ್ತಿ, ರಸೀದಿ, ತಕರಾರು, ಹಾಜರು, ಗೈರುಹಾಜರು. ನಮ್ಮ ಕಡೆ ಒಬ್ಬ ರೈತ ತನ್ನ ಕೇಸಿನ ಕಥೆ ಹೇಳಿದರೆ ಅರ್ಧ ಪದ ಪಾರಸಿ ಅರಬ್ಬಿ. ಹೇಳ್ತಿರೋದು ಪರಭಾಷೆ ಅಂತ ಅವನಿಗೆ ಗೊತ್ತೇ ಇಲ್ಲ.

5/8

ಕುರ್ಚಿಯ ಭಾಷೆಯನ್ನ ಗೆದ್ದವರೂ ಇದ್ದರು.

ಯಲಬುರ್ಗಾ ತಾಲ್ಲೂಕಿನ ದ್ಯಾಂಪುರದಲ್ಲಿ 1918ರಲ್ಲಿ ಹುಟ್ಟಿದವರು ಸಿದ್ದಯ್ಯ ಪುರಾಣಿಕ. ಪುರಾಣ, ಕಾವ್ಯ ಓದೋ ಕನ್ನಡದ ಮನೆತನ. ಅವರು ಹೈದರಾಬಾದಿಗೆ ಹೋಗಿ ಉಸ್ಮಾನಿಯಾದಲ್ಲಿ ಓದಿ, ಅದೇ ಸಂಸ್ಥಾನದ ಸೇವೆ ಸೇರಿ ತಹಶೀಲ್ದಾರರಾದರು, ಮುಂದೆ ಐಎಎಸ್ ಅಧಿಕಾರಿ. ಅದೇ ಮನುಷ್ಯ "ಕಾವ್ಯಾನಂದ" ಅನ್ನೋ ಹೆಸರಲ್ಲಿ ಕನ್ನಡ ಕವಿ, 1987ರ ಕಲಬುರಗಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಉರ್ದು, ಆಮೇಲೆ ಇಂಗ್ಲಿಷ್. ಮೆಸೇಜ್ ಮಾಡಿದ ಹುಡುಗಿ ಯಲಬುರ್ಗಾದವಳು ಅಂದೆನಲ್ಲ, ಇದು ಆಕೆಯ ತಾಲ್ಲೂಕಿನ ಕಥೆ.

ಆದರೆ ಇಂಥವರು ಎಷ್ಟು ಜನ? ಊರಿಗೆ ಒಬ್ಬರೂ ಇಲ್ಲ. ಉಳಿದವರು ಕೈ ಕಟ್ಟಿ ನಿಂತರು. ಕನ್ನಡದಲ್ಲಿ ಕಲಿಸಬೇಕು ಅಂತ ಕುಕನೂರಿನ ವಿದ್ಯಾನಂದ ಗುರುಕುಲದಂಥ ಸಂಸ್ಥೆಗಳು ಆ ಕಾಲದಲ್ಲಿ ಹೆಣಗಿದ್ದು ಇದೇ ಕಾರಣಕ್ಕೆ. ಗಟ್ಟಿಯಾಗಿ ಮಾತಾಡೋದನ್ನ ಮೊದಲು ಸ್ವಂತ ಭಾಷೆಯಲ್ಲೇ ಕಲೀಬೇಕಲ್ಲ.

1956ರ ನವೆಂಬರ್ 1ಕ್ಕೆ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಕಚೇರಿಗೆ ನಿಧಾನಕ್ಕೆ ಕನ್ನಡ ಬಂತು. ಆದರೆ ಕಾಲೇಜು, ಇಂಟರ್‌ವ್ಯೂ, ಕಂಪನಿ ಕೆಲಸ ಅನ್ನೋ ಕಡೆ ಅದೇ ಕುರ್ಚಿ ಮೇಲೆ ಇಂಗ್ಲಿಷ್ ಬಂದು ಕೂತಿತು. ಓಣಿಯಲ್ಲಿ ಇಂಗ್ಲಿಷ್ ಇರಲಿಲ್ಲ, ಸಂತೆಯಲ್ಲಿ ಇರಲಿಲ್ಲ. ನಮಗೆ ಅದು ಸಿಕ್ಕಿದ್ದು ಕೆಂಪು ಶಾಯಿಯ ಜೊತೆಗೆ. ಒಂದು ಭಾಷೆಯನ್ನ ಜೀವನದಲ್ಲಿ ಮೊದಲ ಸಲ ಭೇಟಿಯಾಗೋದೇ ತಪ್ಪು ಹುಡುಕೋರ ಎದುರು ಅಂದ್ರೆ, ಬಾಯಿ ಒಣಗದೆ ಇನ್ನೇನಾದೀತು?

6/8

ಈ ಫೋಟೊ ಗಂಗಾವತಿ ಕಡೆಯ ಭತ್ತದ ಗದ್ದೆ. ಹಿಂದೆ ಕಾಣೋ ಊರಿನ ಹೆಸರಿನ ಕೊನೆಗೆ "ಕ್ಯಾಂಪ್" ಅಂತಿದೆ.

ತುಂಗಭದ್ರಾ ಅಣೆಕಟ್ಟೆ 1953ರಲ್ಲಿ ಮುಗಿಯಿತು. ಎಡದಂಡೆ ಕಾಲುವೆ ನೀರು ಬಂದ ಕಡೆಗೆಲ್ಲ ಆಂಧ್ರದಿಂದ ರೈತರು ಬಂದು ಜಮೀನು ಕೊಂಡು ಕ್ಯಾಂಪ್ ಕಟ್ಟಿಕೊಂಡರು. ಗಂಗಾವತಿ, ಕಾರಟಗಿ ಭತ್ತದ ಕಣಜ ಆದದ್ದು ಹೀಗೆ. ಆ ಬೆಳವಣಿಗೆಯಲ್ಲಿ ಯಾರ ಹೊಲ ಯಾರ ಕೈಗೆ ಹೋಯಿತು ಅನ್ನೋದು ಬೇರೆಯೇ ಕಥೆ, ಸಿಹಿ ಕಥೆ ಅಲ್ಲ. ಇಲ್ಲಿ ಭಾಷೆಯ ಮಾತು ಮಾತ್ರ. ನಾಟಿ ಮಾಡೋಕೆ ಹೋದ ನಮ್ಮ ಹೆಣ್ಣುಮಕ್ಕಳು, ಮಿಲ್ಲಿನ ಹಮಾಲರು, ಟ್ರ್ಯಾಕ್ಟರ್ ಡ್ರೈವರ್‌ಗಳು ತೆಲುಗು ಕಲಿತರು. ಕ್ಯಾಂಪಿನವರು ಕನ್ನಡ ಕಲಿತರು. ಪುಸ್ತಕ ಇಲ್ಲ, ಕ್ಲಾಸ್ ಇಲ್ಲ. "ಎಂತ?" ಅಂದ್ರೆ ಎಷ್ಟು. "ರೇಪು" ಅಂದ್ರೆ ನಾಳೆ. ಕೂಲಿ ಎಷ್ಟು, ನಾಳೆ ಕೆಲಸ ಐತೋ ಇಲ್ಲೋ, ಈ ಎರಡು ಗೊತ್ತಾದರೆ ಉಳಿದದ್ದು ಗದ್ದೆ ಬದುವಿನ ಮೇಲೆ ಬಂತು.

ಕುಷ್ಟಗಿ, ಯಲಬುರ್ಗಾ ಕಡೆ ಕಾಲುವೆ ನೀರಿಲ್ಲ, ಮಳೆ ನಂಬಿದ ಬೇಸಾಯ. ಮಳೆ ಕೈಕೊಟ್ಟರೆ ಗುಳೆ. ಮಂಗಳೂರು, ಉಡುಪಿ, ಗೋವಾ, ಬೆಂಗಳೂರು. ಅಲ್ಲಿ ಸೆಂಟ್ರಿಂಗ್, ಗಾರೆ, ರಸ್ತೆ ಕೆಲಸ. ಗೋವಾಕ್ಕೆ ಹೋದವರಿಗೆ ಕೊಂಕಣಿಯ "ಕಿತ್ಲೆ", ಮಂಗಳೂರಿಗೆ ಹೋದವರಿಗೆ ತುಳುವಿನ "ಏತ್". ಎರಡೂ ಅದೇ "ಎಷ್ಟು".

ಒಂದೂ ತರಗತಿ ಓದದ ಹೆಂಗಸು ನಾಲ್ಕು ಭಾಷೆಯಲ್ಲಿ ಕೂಲಿ ಚೌಕಾಸಿ ಮಾಡ್ತಾಳೆ. ಆಕೆಯ ಮಗ ಡಿಗ್ರಿ ಮುಗಿಸಿ ಒಂದು ಭಾಷೆಯಲ್ಲಿ ಹೆಸರು ಹೇಳೋಕೆ ಹೆದರ್ತಾನೆ. ಇದನ್ನ ನೋಡಿದ ಮೇಲೂ ನಮ್ಮ ಕಡೆಯವರ ನಾಲಿಗೆಗೆ ಭಾಷೆ ಹತ್ತಲ್ಲ ಅನ್ನೋದಾದರೂ ಹೆಂಗೆ? ಆದರೆ ಒಂದು ಎಚ್ಚರ. ಗುಳೆ ಹೋದವರ ಭಾಷಾ ಜ್ಞಾನವನ್ನ ಹೊಗಳ್ತಾ ಗುಳೆಯನ್ನೇ ಹೊಗಳಬಾರದು. ಅವರು ಕಲಿತದ್ದು ಹೊಟ್ಟೆಗಾಗಿ, ಹಲವು ಸಲ ಅವಮಾನ ನುಂಗಿಕೊಂಡು.

7/8

ಈಗ ಫೋನು. ಎದುರಾಎದುರು ಮಾತಾಡುವಾಗ ಕೈ ಇದೆ, ಕಣ್ಣು ಇದೆ, ತೋರಿಸೋಕೆ ವಸ್ತು ಇದೆ. ಹರಿಗೋಲಿನವನು ಬೆರಳು ಎತ್ತಿ ಲೆಕ್ಕ ಹೇಳಬಹುದು. ಫೋನು ಅದನ್ನೆಲ್ಲ ಕಿತ್ತುಕೊಂಡು ಬರೀ ದನಿ ಬಿಟ್ಟಿತು.

ಟ್ರಂಕ್ ಕಾಲ್ ಕಾಲ ನೆನಪಿರೋರು ಹೇಳಲಿ. ಬುಕ್ ಮಾಡಿ ಕಾಯಬೇಕು. ಲೈನ್ ಸಿಕ್ಕರೆ ಮೂರು ನಿಮಿಷಕ್ಕೊಂದು ಲೆಕ್ಕ. ಪರಭಾಷೆಯಲ್ಲಿ ತಡವರಿಸಿದರೆ ತಡವರಿಸಿದ್ದಕ್ಕೂ ದುಡ್ಡು. 1984ರಲ್ಲಿ ಸಿ-ಡಾಟ್ ಶುರುವಾಗಿ, ಸಣ್ಣ ಊರಿಗೂ ಎಕ್ಸ್‌ಚೇಂಜ್ ಬಂದು, ಮೂಲೆ ಮೂಲೆಗೆ ಎಸ್‌ಟಿಡಿ ಬೂತ್ ಆದವು. ಗಾಜಿನ ಬಾಗಿಲು, ಕೆಂಪು ಅಂಕಿಯ ಮೀಟರ್, ಹೊರಗೆ ಕಾಯೋ ನಾಲ್ಕು ಜನ. ಅವರೆಲ್ಲ ನಿಮ್ಮ ಹಿಂದಿ ಕೇಳಿಸ್ಕೊತಿದ್ದಾರೆ ಅನ್ನೋ ಸಂಕೋಚ ಬೇರೆ. 2003ರಲ್ಲಿ ಮೊಬೈಲಿಗೆ ಬರೋ ಕರೆ ಉಚಿತ ಆದ ಮೇಲೆ ಫೋನು ಮೇಸ್ತ್ರಿಯ ಕಿಸೆಗೂ, ಕೂಲಿಯವರ ಕಿಸೆಗೂ ಬಂತು.

ನನ್ನದೇ ಒಂದು ಹೇಳ್ತೀನಿ. ಮೊದಲ ಇಂಗ್ಲಿಷ್ ಫೋನ್ ಇಂಟರ್‌ವ್ಯೂಗೆ ಉತ್ತರಗಳನ್ನ ಎರಡು ಹಾಳೆ ಬರೆದು ಗೋಡೆಗೆ ಅಂಟಿಸಿದ್ದೆ. ಮೊದಲ ಪ್ರಶ್ನೆ ಹಾಳೆಯಲ್ಲಿತ್ತು. ಎರಡನೇದು ಇರಲಿಲ್ಲ. "ನೆಟ್‌ವರ್ಕ್ ಇಲ್ಲ" ಅಂತ ನಾನೇ ಕಟ್ ಮಾಡಿದೆ. ಅವರು ಮತ್ತೆ ಮಾಡಿದರು, ನಾನು ಎತ್ತಲಿಲ್ಲ. ಆ ಕೆಲಸ ಹೋಯಿತು.

ಅದೇ ವರ್ಷ ಗಂಜ್‌ನಲ್ಲಿ ಒಂದು ದಲಾಲಿ ಅಂಗಡಿಯಲ್ಲಿ ಕೂತಿದ್ದೆ. ಅಲ್ಲಿನ ವಯಸ್ಸಾದ ಗುಮಾಸ್ತರು ಹೈದರಾಬಾದಿಗೆ, ಮುಂಬೈಗೆ ಫೋನ್ ಮಾಡಿ ಅಕ್ಕಿ ರೇಟು ಮಾತಾಡ್ತಿದ್ದರು. ಹಿಂದಿಯಲ್ಲಿ ಲಿಂಗ ಪೂರ್ತಿ ತಪ್ಪು, ಗಾಡಿ "ಆಯಾ", ಮಾಲು "ಆಯೀ". ಆದರೆ ಅಂಕಿ ಮಾತ್ರ ತಪ್ಪಲಿಲ್ಲ. "ಪಚ್ಪನ್" ಅಂದ ಕೂಡಲೇ "ಪಾಂಚ್ ಪಾಂಚ್" ಅಂತ ಬಿಡಿಸಿ ಹೇಳೋರು. ಆ ಕಡೆಯವರು "ಹಾಂ" ಅಂದ ಮೇಲೇ ಮುಂದಿನ ಮಾತು. ಅರ್ಥ ಆಗದಿದ್ದರೆ ನಾಚಿಕೆಯಿಲ್ಲದೆ "ಫಿರ್ ಸೇ ಬೋಲೋ ಸೇಠ್". ಫೋನ್ ಇಡೋ ಮುಂಚೆ ಇಡೀ ವ್ಯವಹಾರ ಇನ್ನೊಮ್ಮೆ: ಎಷ್ಟು ಚೀಲ, ಯಾವ ರೇಟು, ಯಾವತ್ತು ಲಾರಿ.

"ಕಾಕಾ, ತಪ್ಪು ಮಾತಾಡಿದ್ರ ಅವರು ನಗಂಗಿಲ್ಲೇನ್ರಿ?" ಅಂತ ಕೇಳಿದೆ.

"ನಗಲಿ ಬಿಡಪಾ. ನಗೋದಕ್ಕೂ ಫೋನ್ ಬಿಲ್ ಅವರದ ಓಡತೈತಿ," ಅಂದರು.

ದಿನಾ ಅದೇ ಹತ್ತಿಪ್ಪತ್ತು ವಾಕ್ಯ. ಮುಖ ಕಾಣದ ಕಡೆ ಅವರು ನೆಚ್ಚಿಕೊಂಡಿದ್ದು ವ್ಯಾಕರಣವನ್ನಲ್ಲ, ಕೇಳಿದ್ದನ್ನ ತಿರುಗಿ ಹೇಳೋ ಅಭ್ಯಾಸವನ್ನ. ನಾನು ಇಂಗ್ಲಿಷ್ ಫೋನಿಗೆ ಹೆದರೋದು ಬಿಟ್ಟದ್ದು ಆ ಅಂಗಡಿಯಲ್ಲಿ. ಪೂರ್ತಿ ಬಿಟ್ಟಿದ್ದೀನಿ ಅಂದ್ರೆ ಸುಳ್ಳಾಗುತ್ತದೆ. ಈಗಲೂ ಅನ್‌ನೋನ್ ನಂಬರ್ ಬಂದರೆ ಒಂದು ಸಲ ಗಂಟಲು ಸರಿ ಮಾಡ್ಕೊತೀನಿ.

8/8

ಕೊನೆಯ ಫೋಟೊ ವಿರೂಪಾಪುರ ಗಡ್ಡೆ. ಹಂಪಿಗೆ ಎದುರು, ಹೊಳೆಯ ಈಚೆ, ಗಂಗಾವತಿ ತಾಲ್ಲೂಕು. ಹಂಪಿ 1986ರಲ್ಲಿ ವಿಶ್ವ ಪರಂಪರೆ ಪಟ್ಟಿ ಸೇರಿತು. ಮುಂದಿನ ವರ್ಷಗಳಲ್ಲಿ ಬೆನ್ನಿಗೆ ಚೀಲ ಹಾಕಿಕೊಂಡ ವಿದೇಶಿಯರು ಈ ಗಡ್ಡೆಗೆ ಬಂದು ವಾರಗಟ್ಟಲೆ ಉಳಿದರು. ಮಿಲಿಟರಿ ಸೇವೆ ಮುಗಿಸಿದ ಇಸ್ರೇಲಿನ ಹುಡುಗ ಹುಡುಗಿಯರು ಎಷ್ಟು ಬರ್ತಿದ್ದರು ಅಂದ್ರೆ ಹೋಟೆಲ್ ಬೋರ್ಡುಗಳಲ್ಲಿ ಹೀಬ್ರೂ ಅಕ್ಷರ ಕಾಣ್ತಿತ್ತು. ಖರೋಷ್ಠಿಯ ಹಂಗೆ ಅದೂ ಬಲದಿಂದ ಎಡಕ್ಕೆ. ಚಹಾ ತರೋ ಹುಡುಗರು "ಶಾಲೋಮ್" ಅಂತಿದ್ದರು, ದುಡ್ಡು ಇಸ್ಕೊಂಡು "ತೊದಾ" ಅಂತಿದ್ದರು. ಹೀಬ್ರೂವಿನಲ್ಲಿ ಎಷ್ಟು ಅನ್ನೋದಕ್ಕೆ "ಕಮಾ". ನೆಲ ನಾಟಿ ಮಾಡೋರ ಮಕ್ಕಳು, ಹರಿಗೋಲು ಹಾಕೋರ ಮಕ್ಕಳು ಅವರು. ಇಂಗ್ಲಿಷ್ ಅವರಿಗೆ ಕೆಂಪು ಶಾಯಿಯಿಂದ ಬರಲಿಲ್ಲ, ಗಿರಾಕಿಯಿಂದ ಬಂತು.

2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಅಲ್ಲಿನ ಕಟ್ಟಡಗಳು ಅಕ್ರಮ ಅನ್ನೋ ತೀರ್ಪನ್ನ ಎತ್ತಿಹಿಡಿಯಿತು, ಮಾರ್ಚ್‌ನಲ್ಲಿ ಜೆಸಿಬಿ ಬಂದವು. ಪರಂಪರೆ ಪ್ರದೇಶ ಉಳೀಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಗೋಡೆಗಳ ಜೊತೆ ಒಂದು ಭಾಷಾ ಶಾಲೆಯೂ ಉರುಳಿತು ಅಂತ ಯಾವ ಪೇಪರಲ್ಲೂ ಬರಲಿಲ್ಲ. ಈಗ ಸಣಾಪುರ, ಆನೆಗೊಂದಿ ಕಡೆ ಹೋಂಸ್ಟೇಗಳಿವೆ. ಅಂಜನಾದ್ರಿಗೆ ಉತ್ತರದಿಂದ ಯಾತ್ರಿಕರು ಬರ್ತಾರೆ, ಬೆಟ್ಟದ ಕೆಳಗೆ ಎಳನೀರು ಮಾರೋ ಅಕ್ಕಂದಿರು ಹಿಂದಿಯಲ್ಲಿ ರೇಟು ಹೇಳ್ತಾರೆ.

ಆ ಹುಡುಗಿಗೆ ಇಷ್ಟನ್ನೆಲ್ಲ ಹೇಳಲಿಲ್ಲ. ನಿನ್ನ ಮನೆಯಲ್ಲಿ ಯಾರಾದರೂ ಗುಳೆ ಹೋಗಿ ಬಂದವರಿದ್ದಾರಾ ಅಂತ ಕೇಳಿದೆ. "ನಮ್ಮವ್ವ ಹತ್ತು ವರ್ಷ ಗೋವಾದಾಗ ಇದ್ಲು. ಕೊಂಕಣಿ ಚಲೋ ಬರತೈತಿ" ಅಂದಳು. ಅವ್ವ ಅದನ್ನ ಹೆಂಗೆ ಕಲಿತಳು ಅಂತ ಕೇಳು, ಆಮೇಲೆ ಅವ್ವನ ಫೋನಿಂದ ನನಗೆ ಕಾಲ್ ಮಾಡು, ಐದು ನಿಮಿಷ ಇಂಗ್ಲಿಷ್, ತಪ್ಪಾದರೆ ನಾನು ತಿದ್ದಲ್ಲ, "ಪಾರ್ಡನ್" ಅಂತ ಎಷ್ಟು ಸಲ ಬೇಕಾದರೂ ಅನ್ನು ಅಂದೆ.

ಭಾನುವಾರ ಮಾಡಿದ್ದಳು. ಐದು ನಿಮಿಷ ಅಂದಿದ್ದು ಹನ್ನೊಂದು ನಿಮಿಷ ಆಯಿತು. ಏಳು ಸಲ "ಪಾರ್ಡನ್" ಅಂದಳು, ಎಣಿಸಿದೆ. ಹಿಂದಿನಿಂದ ಅವ್ವ ಏನೋ ಕೂಗಿ ನಗ್ತಿದ್ದಳು. ಏನಂತೆ ಅಂತ ಕೇಳಿದರೆ, "ಆಕಿ ನಿಮಗ ಕೊಂಕಣಿ ಬರತೈತೇನು ಅಂತ ಕೇಳಾಕತ್ತಾಳ್ರಿ" ಅಂದಳು. ನನಗೆ "ಕಿತ್ಲೆ" ಬಿಟ್ಟು ಬೇರೇನೂ ಬರಲ್ಲ. ಅದನ್ನೇ ಅಂದೆ.

#ಕೊಪ್ಪಳ #ಗಂಗಾವತಿ #ಕುಷ್ಟಗಿ #ಯಲಬುರ್ಗಾ #ಆನೆಗೊಂದಿ #ನಮ್ಮೂರಇತಿಹಾಸ